'ಅಕ್ವೇಂಟ್' ಎಂಬ ಕ್ರಿಯಾಪದ: ಪರಿಚಯದ ಅರ್ಥ ಮತ್ತು ಬಳಕೆ

(ನಮ್ಮ ಕೂಟದ ಉಗಾದಿ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರೆಹರೂಪ. ಉಪನ್ಯಾಸಕರು ಕರ್ನಾಟಕದ ಕಾಲೇಜುಗಳಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದು ನಿವೃತ್ತರಾದವರು. ಸದ್ಯ ಮಗಳ ಮನೆಗೆಂದು ಇಂಗ್ಲೆಂಡಿಗೆ ಬಂದಿದ್ದಾರೆ. - ಸಂ.)



ಸಭೆಯ ಆರಂಭದಲ್ಲಿ ಕಾರ್ಯದರ್ಶಿಗಳು ನನ್ನನ್ನು ತಮಗೆ ಪರಿಚಯ ಮಾಡಿಕೊಟ್ಟರು. ಹುಟ್ಟಿದ ಊರು, ಓದಿದ ಕಾಲೇಜು, ಪಾಠ ಹೇಳಿದ ವರ್ಷಗಳು, ಎಲ್ಲವನ್ನೂ ಎರಡು ನಿಮಿಷಗಳಲ್ಲಿ ಹೇಳಿ ಮುಗಿಸಿದರು. ಅವರು ಹೇಳಿದುದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಆ ಎರಡು ನಿಮಿಷಗಳಲ್ಲಿ ನಾನು ತಮಗೆ ನಿಜವಾಗಿ ಪರಿಚಿತನಾದೆನೆ? ಕನ್ನಡದಲ್ಲಿ 'ಪರಿಚಯವಾಯಿತು' ಎಂದುಬಿಡುತ್ತೇವೆ. ಇಂಗ್ಲಿಷಿನವರು ಹಾಗೆ ಹೇಳುವುದಕ್ಕೆ ಮುನ್ನ ತುಸು ಯೋಚಿಸುತ್ತಾರೆ. ಅವರಲ್ಲಿ 'ಮೀಟ್' ಬೇರೆ, 'ಇಂಟ್ರೊಡ್ಯೂಸ್' ಬೇರೆ, 'ಅಕ್ವೇಂಟ್' ಬೇರೆ, 'ಗೆಟ್ ಟು ನೋ' ಬೇರೆ, 'ನೋ' ಬೇರೆ. ಇವುಗಳ ನಡುವಣ ಅಂತರವನ್ನು ತಿಳಿಯದೆ ಹೋದರೆ ಏನಾಗಬಹುದೆಂಬುದನ್ನು ನಾನು ಸ್ವಂತ ತಪ್ಪಿನಿಂದಲೇ ಕಲಿತೆ. ಆದಕಾರಣ ಇಂದಿನ ಮಾತಿಗೆ 'ಅಕ್ವೇಂಟ್' ಎಂಬ ಒಂದು ಪದವನ್ನೇ ಆರಿಸಿಕೊಂಡಿದ್ದೇನೆ.

1986ರ ಮಾತು. ನಾನಾಗ ಮೈಸೂರು ಸೀಮೆಯ ಒಂದು ಕಾಲೇಜಿನಲ್ಲಿದ್ದೆ. ಮೂರು ವರ್ಷ ನನ್ನಲ್ಲಿ ಓದಿದ್ದ ಹುಡುಗನೊಬ್ಬ ಈ ದೇಶದ ವಿಶ್ವವಿದ್ಯಾನಿಲಯವೊಂದಕ್ಕೆ ಉನ್ನತ ವ್ಯಾಸಂಗಕ್ಕಾಗಿ ಅರ್ಜಿ ಹಾಕಿಕೊಂಡಿದ್ದ. "ಒಂದು ಶಿಫಾರಸು ಪತ್ರ ಬೇಕು ಸಾರ್" ಎಂದು ಬಂದ. ಆತನ ತಂದೆತಾಯಿಯರನ್ನು ನಾನು ಬಲ್ಲೆ. ಆತನ ಬುದ್ಧಿಯನ್ನೂ ಮನೆಯ ಬಡತನವನ್ನೂ ಬಲ್ಲೆ. ಪರೀಕ್ಷೆಯ ದಿನಗಳಲ್ಲಿ ನಮ್ಮ ಮನೆಯ ಜಗಲಿಯ ಮೇಲೆ ಕುಳಿತು ಓದಿದವನು, ನನ್ನಾಕೆಯ ಕೈಯ ಊಟ ಉಂಡವನು. ಇದನ್ನೆಲ್ಲ ಘನವಾದ ಇಂಗ್ಲಿಷಿನಲ್ಲಿ ಹೇಳಬೇಕೆಂಬ ಹಂಬಲ ನನಗೆ. 'ನೋ' ಎಂಬ ಪುಟ್ಟ ಪದ ಸಾಲದೆಂದು ಬಗೆದು, 'ಐ ಆ್ಯಮ್ ಅಕ್ವೇಂಟೆಡ್ ವಿತ್ ಹಿಮ್' ಎಂದು ಬರೆದೆ. ಅಷ್ಟಕ್ಕೇ ನಿಲ್ಲದೆ, ಆತ ನಮ್ಮ ಕುಟುಂಬದ 'ಅಕ್ವೇಂಟನ್ಸ್' ಎಂದೂ ಸೇರಿಸಿದೆ. ನಿಘಂಟಿನಲ್ಲಿ ಅದಕ್ಕೆ 'ಪರಿಚಯ' ಎಂಬ ಅರ್ಥವಿತ್ತಷ್ಟೆ. ಕನ್ನಡದಲ್ಲಿ 'ನಮಗೆ ತುಂಬ ಪರಿಚಯದವರು' ಎಂದರೆ ಅದು ಆದರದ ಮಾತೇ ಅಲ್ಲವೆ?

ಆ ವರ್ಷ ಆತನಿಗೆ ಪ್ರವೇಶ ದೊರೆಯಲಿಲ್ಲ. ನನ್ನ ಪತ್ರವೇ ಅದಕ್ಕೆ ಕಾರಣವೆಂದು ಹೇಳಲಾರೆ, ಅಲ್ಲವೆಂದೂ ಹೇಳಲಾರೆ. ಮರುವರ್ಷ ಬೇರೊಬ್ಬ ಅಧ್ಯಾಪಕರ ಪತ್ರದೊಡನೆ ಅರ್ಜಿ ಹಾಕಿ ಇಲ್ಲಿಗೆ ಬಂದ. 2004ರಲ್ಲಿ ಊರಿಗೆ ಬಂದಿದ್ದಾಗ ನಮ್ಮ ಮನೆಗೆ ಬಂದು, ಊಟವಾದ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತ ನಗುನಗುತ್ತ ಹೇಳಿದ: "ಸಾರ್, ನೀವು ನನ್ನನ್ನು ಬರೀ ಮುಖಪರಿಚಯದವನು ಅಂತ ಬರೆದುಬಿಟ್ಟಿದ್ದಿರಿ. ಅಲ್ಲಿ ಹತ್ತು ವರ್ಷ ಬಾಳಿದ ಮೇಲೆ ನನಗೆ ಅದು ಹೊಳೀತು." ಅವನ ಮಾತಿನಲ್ಲಿ ಮುನಿಸಿರಲಿಲ್ಲ. ನನಗೆ ಮಾತ್ರ ಅಂದು ರಾತ್ರಿ ನಿದ್ದೆ ಹತ್ತಲಿಲ್ಲ. ಇಂಗ್ಲಿಷ್ ಕಲಿಸಿ ಅನ್ನ ಉಂಡವನು ನಾನು. ಮನೆಯ ಹುಡುಗನೊಬ್ಬನನ್ನು ಒಂದೇ ಪದದಿಂದ ಬೀದಿಯ ಆಚೆಗೆ ನಿಲ್ಲಿಸಿದ್ದೆ. ಮರುದಿನ ಬೆಳಗ್ಗೆ ನಿಘಂಟುಗಳನ್ನು ಹರಡಿಕೊಂಡು ಕುಳಿತೆ. ಇಂದಿನ ಉಪನ್ಯಾಸದ ಮೊದಲ ಟಿಪ್ಪಣಿಗಳು ಅಂದು ಬರೆದವು.

ಪದದ ಕುಲಗೋತ್ರ

'ಅಕ್ವೇಂಟ್' ಇಂಗ್ಲಿಷಿನ ಸ್ವಂತ ಪದವಲ್ಲ. ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚಿನಿಂದ ಹರಿದುಬಂದ ಸಾವಿರಾರು ಪದಗಳಲ್ಲಿ ಅದೂ ಒಂದು. ಅದರ ಮೂಲ ಲ್ಯಾಟಿನ್ನಿನ 'ಕಾಗ್ನೋಸ್ಕೆರೆ', ಎಂದರೆ ಅರಿತುಕೊಳ್ಳು. ಅದರ ಹಿಂದಿರುವ ಧಾತು 'ಗ್ನೋ'. ಸಂಸ್ಕೃತದ 'ಜ್ಞಾ' ಧಾತುವೂ ಅದೇ ಮನೆಯದು. 'ಜ್ಞಾನ'ವನ್ನು ನಮ್ಮ ಜನ 'ಗ್ನಾನ' ಎಂದು ಉಚ್ಚರಿಸುತ್ತಾರಲ್ಲ, ಅದು ಆಕಸ್ಮಿಕವಾಗಿಯೇ ಇರಲಿ, ಲ್ಯಾಟಿನ್ನಿನ ಹತ್ತಿರಕ್ಕೆ ಹೋಗಿ ನಿಲ್ಲುತ್ತದೆ. ಇಂಗ್ಲಿಷಿನ 'ನೋ' ಎಂಬುದು ಜರ್ಮ್ಯಾನಿಕ್ ದಾರಿಯಿಂದ ಬಂದ ಅದೇ ಧಾತುವಿನ ಮಗು. 'ನೋ' ಎಂದು ಬರೆಯುವಾಗ ಮೊದಲಲ್ಲಿ ಸುಮ್ಮನೆ ಕುಳಿತಿರುವ 'ಕೆ' ಅಕ್ಷರವನ್ನು ಕಂಡು ತಮ್ಮ ಮಕ್ಕಳು ಗೊಣಗುವುದುಂಟು. ಹಳೆಯ ಇಂಗ್ಲಿಷಿನಲ್ಲಿ ಅದನ್ನು ಉಚ್ಚರಿಸುತ್ತಿದ್ದರು. ಇಂದು ಉಳಿದಿರುವುದು ಅದರ ಗುರುತು ಮಾತ್ರ. 'ಜ್ಞಾ'ದ ಜಕಾರ, 'ಗ್ನೋ'ದ ಗಕಾರ, 'ನೋ'ದ ಮೂಕ ಕಕಾರ ಇವು ಮೂರೂ ಒಂದೇ ಮೂಲದ್ದೆಂದು ಮಕ್ಕಳಿಗೆ ಹೇಳಿ ನೋಡಿ. ಆ ಅಕ್ಷರವನ್ನು ಅವರು ಮತ್ತೆ ಮರೆಯಲಾರರು.

ಈ ಮನೆತನದ ಇನ್ನೂ ನಾಲ್ವರನ್ನು ಪರಿಚಯಿಸುವೆ. ಮೊದಲನೆಯದು 'ಕ್ಯಾನ್'. ಇಂದು 'ಸಾಮರ್ಥ್ಯವುಂಟು' ಎಂಬ ಅರ್ಥ ಕೊಡುವ ಈ ಪದಕ್ಕೆ ಮೊದಲಿದ್ದುದು 'ಬಲ್ಲೆ' ಎಂಬ ಅರ್ಥ. ಕನ್ನಡಿಗರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. 'ಅವರನ್ನು ಬಲ್ಲೆ' ಎಂದರೆ ಅರಿವು, 'ಈಜಬಲ್ಲೆ' ಎಂದರೆ ಸಾಮರ್ಥ್ಯ. ಯಾವ ನಂಟೂ ಇಲ್ಲದ ಎರಡು ಭಾಷಾಕುಟುಂಬಗಳು ಅರಿವಿನಿಂದ ಸಾಮರ್ಥ್ಯದೆಡೆಗೆ ಒಂದೇ ಕಾಲುದಾರಿಯಲ್ಲಿ ನಡೆದಿವೆ. ಎರಡನೆಯದು 'ಕಿತ್'. ಇದು 'ಕಿತ್ ಆ್ಯಂಡ್ ಕಿನ್' ಎಂಬ ಜೋಡಿನುಡಿಯಲ್ಲಿ ಮಾತ್ರ ಉಳಿದಿದೆ. 'ಕಿನ್' ಎಂದರೆ ರಕ್ತಸಂಬಂಧಿಗಳು. 'ಕಿತ್' ಎಂದರೆ ಬಲ್ಲವರು, ಬಲ್ಲ ನಾಡು. ನಮ್ಮ 'ನೆಂಟರಿಷ್ಟರು' ಎಂಬ ಜೋಡಿಗೆ ಇದಕ್ಕಿಂತ ಹತ್ತಿರದ ಸಾಟಿ ಸಿಗಲಾರದು.

ಮೂರನೆಯದು 'ಅನ್‌ಕೂತ್'. ಇಂದು ಅದರ ಅರ್ಥ ಒರಟ, ನಯವಿಲ್ಲದವನು. ಮೂಲಾರ್ಥ 'ಅರಿಯದ, ಪರಿಚಯವಿಲ್ಲದ' ಎಂದಷ್ಟೆ. ಪರಿಚಯವಿಲ್ಲದವನು ಒರಟನೇ ಇರಬೇಕೆಂದು ಕಾಲಕ್ರಮದಲ್ಲಿ ಜನ ತೀರ್ಮಾನಿಸಿಬಿಟ್ಟರು. ಪರದೇಶದಲ್ಲಿ ಮನೆ ಮಾಡಿದವರು ಈ ಒಂದು ಪದದ ಚರಿತ್ರೆಯನ್ನು ನೆನಪಿನಲ್ಲಿಡಬೇಕು. ನೆರೆಯವರು ನಮ್ಮನ್ನು ಒರಟರೆಂದು ಭಾವಿಸಿದರೆ, ಅಥವಾ ನಾವು ಅವರನ್ನು ಹಾಗೆ ಭಾವಿಸಿದರೆ, ಅನೇಕ ವೇಳೆ ಅದರ ಅರ್ಥ ಇನ್ನೂ ಪರಿಚಯವಾಗಿಲ್ಲ ಎಂದಷ್ಟೆ. ನಾಲ್ಕನೆಯದು 'ಕ್ವೇಂಟ್'. ಇದು 'ಅಕ್ವೇಂಟ್'ನ ಒಡಹುಟ್ಟಿದ ಪದ. 'ಅರಿತ, ಜಾಣ' ಎಂಬಲ್ಲಿಂದ ಹೊರಟು, 'ಅಂದವಾದ' ಎಂಬಲ್ಲಿ ತಂಗಿ, ಇಂದು 'ಹಳೆಯ ಕಾಲದ, ನೋಡಲು ವಿಚಿತ್ರವೆನಿಸಿದರೂ ಮುದ್ದಾದ' ಎಂಬಲ್ಲಿಗೆ ಬಂದು ನಿಂತಿದೆ.

ನಮ್ಮ 'ಪರಿಚಯ' ಸಂಸ್ಕೃತದಿಂದ ಬಂದದ್ದು. ಸಂಸ್ಕೃತ ನಿಘಂಟುಗಳಲ್ಲಿ ಆ ರೂಪಕ್ಕೆ ರಾಶಿ, ಸಂಗ್ರಹ ಎಂಬ ಅರ್ಥವುಂಟು. ಒಡನಾಟದಿಂದ ಬಂದ ಅರಿವು ಎಂಬ ಅರ್ಥವುಂಟು. ಮತ್ತೆ ಮತ್ತೆ ಮಾಡಿದ ಅಭ್ಯಾಸವೆಂಬ ಅರ್ಥವೂ ಉಂಟು. 'ಸಂಚಯ' ಎಂಬುದನ್ನು ನೆನೆದರೆ ರಾಶಿಯ ಅರ್ಥ ತಾನೇ ಹೊಳೆಯುತ್ತದೆ. ಹೀಗೆ ನೋಡಿದರೆ ಪರಿಚಯವೆಂಬುದು ಒಂದು ಕ್ಷಣದ ಘಟನೆಯಲ್ಲ. ಅದು ಕೂಡುತ್ತ ಹೋಗುವಂಥದು, ರೂಢಿಯಿಂದ ಬಲಿಯುವಂಥದು.

ಬಳಸುವ ಬಗೆ

ಇನ್ನು ವ್ಯಾಕರಣಕ್ಕೆ ಬರೋಣ. 'ಅಕ್ವೇಂಟ್' ಮೂರು ಬಗೆಯಾಗಿ ಬಳಕೆಯಾಗುತ್ತದೆ.

ಮೊದಲನೆಯದು, ಒಬ್ಬರಿಗೆ ಒಂದು ವಿಷಯವನ್ನು ತಿಳಿಯಪಡಿಸುವುದು. 'ಪ್ಲೀಸ್ ಅಕ್ವೇಂಟ್ ದಿ ನ್ಯೂ ಮೆಂಬರ್ಸ್ ವಿತ್ ದಿ ರೂಲ್ಸ್', ಎಂದರೆ ಹೊಸ ಸದಸ್ಯರಿಗೆ ನಿಯಮಗಳನ್ನು ತಿಳಿಸಿಕೊಡಿ. ಎರಡನೆಯದು, ತನಗೆ ತಾನೇ ತಿಳಿದುಕೊಳ್ಳುವುದು. 'ಐ ಅಕ್ವೇಂಟೆಡ್ ಮೈಸೆಲ್ಫ್ ವಿತ್ ದಿ ಸಿಟಿ', ಎಂದರೆ ಊರನ್ನು ಸುತ್ತಾಡಿ ಬಳಕೆ ಮಾಡಿಕೊಂಡೆ. ಮೂರನೆಯದು, ಪರಿಚಯವುಳ್ಳವನಾಗಿರುವುದು ಅಥವಾ ಆಗುವುದು. 'ಬಿ ಅಕ್ವೇಂಟೆಡ್ ವಿತ್', 'ಗೆಟ್ ಅಕ್ವೇಂಟೆಡ್ ವಿತ್', 'ಬಿಕಮ್ ಅಕ್ವೇಂಟೆಡ್ ವಿತ್' ಇವು ಈ ಗುಂಪಿನವು. ಮೂರರಲ್ಲಿಯೂ 'ವಿತ್' ಬಿಡದೆ ಬರುತ್ತದೆ ಎಂಬುದನ್ನು ಗಮನಿಸಬೇಕು.

ನಮ್ಮವರು ಎಡವುವುದು ಇಲ್ಲಿಯೇ. 'ಲಂಡನ್ನಿನಲ್ಲಿ ಅವರ ಪರಿಚಯ ಮಾಡಿಕೊಂಡೆ' ಎಂಬುದನ್ನು ಹಾಗೆಯೇ ಎತ್ತಿಕೊಂಡು 'ಐ ಅಕ್ವೇಂಟೆಡ್ ಹಿಮ್ ಇನ್ ಲಂಡನ್' ಎಂದು ಬರೆಯುತ್ತಾರೆ. ಅದು ಸಲ್ಲದು. ಹಾಗೆಂದರೆ 'ಅವರಿಗೆ ಏನನ್ನೋ ತಿಳಿಸಿದೆ' ಎಂದು ಹೊರಟು ನಡುದಾರಿಯಲ್ಲಿ ನಿಂತಂತಾಗುತ್ತದೆ. ಕನ್ನಡದ 'ಕೊಳ್ಳು' ಎಂಬ ಸಹಾಯಕ ಕ್ರಿಯೆ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ 'ಬಿಕಮ್' ಅಥವಾ 'ಗೆಟ್' ಮಾಡಬೇಕು.

ಇದಕ್ಕಿಂತ ಆಳವಾದ ಭೇದವೊಂದಿದೆ. ಕನ್ನಡದಲ್ಲಿ 'ನನಗೆ ಅವರ ಪರಿಚಯವಾಯಿತು' ಎನ್ನುತ್ತೇವೆ, 'ನನಗೆ ಅವರು ಗೊತ್ತು' ಎನ್ನುತ್ತೇವೆ. ಇಲ್ಲಿ 'ನಾನು' ಕರ್ತೃವಲ್ಲ. ಹಸಿವು, ನಿದ್ದೆ, ನೆಗಡಿ ನನಗೆ ಬರುವಂತೆ ಪರಿಚಯವೂ ನನ್ನ ಬಳಿಗೆ ಬರುತ್ತದೆ. ಇಂಗ್ಲಿಷಿನಲ್ಲಿ 'ಐ' ಎದ್ದು ಮುಂದೆ ಬರಬೇಕು. ನಾನೇ ಅರಿಯಬೇಕು, ನಾನೇ ಹೆಜ್ಜೆಯಿಡಬೇಕು. ಊರಿನಲ್ಲಿ ನಾವು ಪರಿಚಯ ಮಾಡಿಕೊಳ್ಳಲು ಎಂದಾದರೂ ಹೊರಟದ್ದುಂಟೆ? ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು "ಯಾವೂರಾಯ್ತು? ಯಾರ ಪೈಕಿ?" ಎಂದು ಕೇಳುತ್ತಾರೆ; ಮೂರು ಮೈಲಿ ಕಳೆಯುವುದರೊಳಗೆ ದೂರದ ಸಂಬಂಧವೊಂದು ಹೊರಬೀಳುತ್ತದೆ; ಹೆಸರು ಕೇಳುವುದು ಕಡೆಗೆ. ಇಲ್ಲಿ ಹಾಗಲ್ಲ. ರೈಲಿನಲ್ಲಿ ಎದುರು ಕುಳಿತವರು ಹವೆಯ ಬಗ್ಗೆ ಎರಡು ಮಾತಾಡಿ ಪತ್ರಿಕೆ ಬಿಡಿಸಿಕೊಳ್ಳುತ್ತಾರೆ. ಪರಿಚಯ ತಾನಾಗಿ ಆದೀತೆಂದು ಕನ್ನಡದ ವ್ಯಾಕರಣದಲ್ಲಿಯೇ ಕಾಯುತ್ತ ಕುಳಿತರೆ ಹತ್ತು ವರ್ಷವಾದರೂ ಪಕ್ಕದ ಮನೆಯವರ ಹೆಸರು ತಿಳಿಯದೆ ಹೋಗಬಹುದು.

'ಅಕ್ವೇಂಟ್' ಗಂಭೀರ ಪದ. ಅದರ ಸ್ಥಾನ ಹೆಚ್ಚಾಗಿ ಬರೆಹದಲ್ಲಿ. ಮಾತಿನಲ್ಲಿ 'ಗೆಟ್ ಟು ನೋ' ಎನ್ನುವುದೇ ರೂಢಿ. ಇದು ನಿಧಾನದ ಕ್ರಿಯೆ. 'ಮೀಟ್' ಒಂದು ಗಳಿಗೆಯಲ್ಲಿ ಮುಗಿಯುತ್ತದೆ. 'ಗೆಟ್ ಟು ನೋ' ತಿಂಗಳುಗಳ ಕಾಲ ನಡೆಯುತ್ತದೆ. 'ಐ ಮೆಟ್ ಹರ್ ಇನ್ ಮಾರ್ಚ್ ಆ್ಯಂಡ್ ಗಾಟ್ ಟು ನೋ ಹರ್ ಓವರ್ ದಿ ಸಮ್ಮರ್' ಎಂಬ ವಾಕ್ಯದಲ್ಲಿ ಎರಡರ ಕಾಲಮಾನವೂ ಸ್ಪಷ್ಟವಾಗಿದೆ. 'ನೈಸ್ ಟು ಮೀಟ್ ಯೂ' ಎಂಬುದನ್ನು ಮೊದಲ ಭೇಟಿಯಲ್ಲಿ ಮಾತ್ರ ಹೇಳಬೇಕು. ಎರಡನೆಯ ಸಲದಿಂದ ಅದು 'ನೈಸ್ ಟು ಸೀ ಯೂ' ಆಗುತ್ತದೆ. ತಪ್ಪಿ ಹಿಂದಿನದನ್ನೇ ಹೇಳಿದರೆ, 'ನಿಮ್ಮನ್ನು ಕಂಡ ನೆನಪೇ ನನಗಿಲ್ಲ' ಎಂದಂತಾಗುತ್ತದೆ.

'ಕೇಮ್ ಟು ನೋ' ಎಂಬುದು ನಮ್ಮವರಿಗೆ ತೀರ ಪ್ರಿಯವಾದ ಪ್ರಯೋಗ. 'ಗೊತ್ತಾಯಿತು, ತಿಳಿದುಬಂತು' ಎಂಬುದರ ನೆರಳು ಅದು. ಸುದ್ದಿ ತಿಳಿದಾಗ ಇಲ್ಲಿಯವರು 'ಐ ಹರ್ಡ್' ಅಥವಾ 'ಐ ಲರ್ನ್ಡ್' ಎನ್ನುತ್ತಾರೆ. ವ್ಯಕ್ತಿಯೊಬ್ಬರನ್ನು ಕಾಲಾಂತರದಲ್ಲಿ ಅರಿತಾಗ ಮಾತ್ರ 'ಕಮ್ ಟು ನೋ' ಹಿತವಾಗಿ ಕೇಳುತ್ತದೆ. ಹಾಗೆಯೇ 'ಹತ್ತು ವರ್ಷಗಳಿಂದ ಬಲ್ಲೆ' ಎಂಬುದು ಕನ್ನಡದಲ್ಲಿ ವರ್ತಮಾನ. ಆದ್ದರಿಂದ 'ಐ ನೋ ಹಿಮ್ ಸಿನ್ಸ್ ಟೆನ್ ಇಯರ್ಸ್' ಎಂಬ ತಪ್ಪು ಸಹಜವಾಗಿಯೇ ಹುಟ್ಟುತ್ತದೆ. ಇಂಗ್ಲಿಷಿನಲ್ಲಿ ಹಿಂದೆ ಆರಂಭವಾಗಿ ಇಂದಿನವರೆಗೆ ಬಂದಿರುವುದನ್ನು 'ಐ ಹ್ಯಾವ್ ನೋನ್ ಹಿಮ್ ಫಾರ್ ಟೆನ್ ಇಯರ್ಸ್' ಎಂದೇ ಹೇಳಬೇಕು. 'ಐ ಆ್ಯಮ್ ನೋಯಿಂಗ್ ಹಿಮ್' ಎಂಬುದು ಎಂದಿಗೂ ಸಲ್ಲದು. ಅರಿವು ಅವರ ದೃಷ್ಟಿಯಲ್ಲಿ ನಡೆಯುತ್ತಿರುವ ಕೆಲಸವಲ್ಲ, ಇರುವ ಸ್ಥಿತಿ.

ಪರಿಚಯದ ಮೆಟ್ಟಿಲುಗಳು

ಈಗ ನನ್ನನ್ನು ಕೆಡವಿದ ನಾಮಪದಕ್ಕೆ ಬರುತ್ತೇನೆ. 'ಅಕ್ವೇಂಟನ್ಸ್' ಎಂದರೆ ಅಪರಿಚಿತನಿಗೂ ಸ್ನೇಹಿತನಿಗೂ ನಡುವೆ ನಿಂತವನು. ಕಂಡಾಗ ತಲೆಯಾಡಿಸುವಷ್ಟೇ ಆದರೆ 'ನಾಡಿಂಗ್ ಅಕ್ವೇಂಟನ್ಸ್', ನಮ್ಮ ಮುಖಪರಿಚಯ. ಅದಕ್ಕಿಂತ ತುಸು ಮೇಲಾದರೆ ಬರಿಯ 'ಅಕ್ವೇಂಟನ್ಸ್'. ಆಮೇಲೆ 'ಫ್ರೆಂಡ್', ಅನಂತರ 'ಕ್ಲೋಸ್ ಫ್ರೆಂಡ್'. ಒಬ್ಬನನ್ನು 'ಅಕ್ವೇಂಟನ್ಸ್' ಎಂದು ಕರೆಯುವುದು ಎಷ್ಟೋ ವೇಳೆ 'ಸ್ನೇಹಿತನಲ್ಲ' ಎಂದು ನಯವಾಗಿ ತಿಳಿಸುವ ಉಪಾಯ. ಈ ಪದ ಎಂದೂ ಇಷ್ಟು ತೆಳುವಾಗಿತ್ತೆಂದು ತಿಳಿಯಬಾರದು. ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ 1788ರಲ್ಲಿ ಬರೆದು ಕಳುಹಿಸಿದ 'ಆಲ್ಡ್ ಲ್ಯಾಂಗ್ ಸೈನ್' ಹಾಡನ್ನು ಹೊಸ ವರ್ಷದ ನಡುರಾತ್ರಿ ಕೈಕೈ ಹಿಡಿದು ಹಾಡುವುದನ್ನು ತಾವು ಕಂಡಿದ್ದೀರಿ. ಅದರ ಮೊದಲ ಸಾಲಿನಲ್ಲಿಯೇ ಈ ಪದವಿದೆ. ಅಲ್ಲಿ ಅದು ಹಳೆಯ ಗೆಳೆತನದ ಪೂರ್ತಿ ಭಾರವನ್ನು ಹೊತ್ತಿದೆ.

ಒಂದು ಕಾಲಕ್ಕೆ ಈ ದೇಶದಲ್ಲಿ ಪರಿಚಯವೆಂಬುದು ಕಟ್ಟುನಿಟ್ಟಾದ ವಿಧಿಯಾಗಿತ್ತು. ಜೇನ್ ಆಸ್ಟೆನ್ ಅವರ 'ಪ್ರೈಡ್ ಆ್ಯಂಡ್ ಪ್ರೆಜುಡಿಸ್' (1813) ಕಾದಂಬರಿಯನ್ನು ತಮ್ಮಲ್ಲಿ ಅನೇಕರು ಓದಿರಬಹುದು. ಹೊಸದಾಗಿ ಬಂದ ನೆರೆಯ ಬಿಂಗ್ಲಿಯನ್ನು ಮನೆಯ ಯಜಮಾನ ಬೆನೆಟ್ ಮೊದಲು ಹೋಗಿ ಕಾಣದೆ ಹೆಂಗಸರು ಆತನ ಪರಿಚಯ ಮಾಡಿಕೊಳ್ಳುವಂತಿಲ್ಲ. ಅದಕ್ಕಾಗಿಯೇ ಆರಂಭದಲ್ಲಿ ಅಷ್ಟು ಚಡಪಡಿಕೆ. ಮುಂದೆ ನೃತ್ಯಕೂಟದಲ್ಲಿ ಪಾದ್ರಿ ಕಾಲಿನ್ಸ್, ಯಾರೂ ಪರಿಚಯಿಸದಿದ್ದರೂ, ತಾನಾಗಿಯೇ ಡಾರ್ಸಿಯ ಬಳಿಗೆ ಹೋಗಿ ಮಾತಿಗಿಳಿಯುತ್ತಾನೆ. ಪರಿಚಯವನ್ನು ಆರಂಭಿಸುವ ಹಕ್ಕು ಅಂತಸ್ತಿನಲ್ಲಿ ಮೇಲಿರುವವನದೆಂದು ಎಲಿಜಬೆತ್ ತಡೆದರೂ ಕೇಳುವುದಿಲ್ಲ. ಅಂದಿನ ಓದುಗರಿಗೆ ಅದು ಮೈ ಮುದುಡಿಸುವ ಪ್ರಸಂಗ. 'ಇಂಟ್ರೊಡ್ಯೂಸ್' ಎಂಬ ಪದಕ್ಕೆ ಲ್ಯಾಟಿನ್ನಿನಲ್ಲಿ 'ಒಳಕ್ಕೆ ಕರೆದೊಯ್ಯು' ಎಂಬ ಅರ್ಥವಿರುವುದು ಇಲ್ಲಿ ನೆನಪಾಗುತ್ತದೆ. ಒಳಗಿನವನೊಬ್ಬ ಕೈಹಿಡಿದು ಕರೆದೊಯ್ಯಬೇಕು. ಅಮೆರಿಕದ ಎಮಿಲಿ ಪೋಸ್ಟ್ 1922ರಲ್ಲಿ ಪ್ರಕಟಿಸಿದ 'ಎಟಿಕೆಟ್' ಗ್ರಂಥದಲ್ಲಿಯೂ ಪರಿಚಯಿಸುವ ಕ್ರಮಕ್ಕೆ ಒಂದು ಅಧ್ಯಾಯವಿದೆ. ಕಿರಿಯರನ್ನು ಹಿರಿಯರಿಗೆ ಪರಿಚಯಿಸಬೇಕು, ಹಿರಿಯರನ್ನು ಕಿರಿಯರಿಗಲ್ಲ. ಈ ಅಂಶದಲ್ಲಿ ನಮ್ಮ ಅಜ್ಜಿಯರಿಗೂ ಎಮಿಲಿ ಪೋಸ್ಟರಿಗೂ ಭಿನ್ನಾಭಿಪ್ರಾಯವಿರಲಾರದು.

ಭಿನ್ನತೆ ಇರುವುದು ಮುಂದಿನ ಹೆಜ್ಜೆಯಲ್ಲಿ. ನಾವು ಮೆಟ್ಟಿಲುಗಳನ್ನು ಹಾರಿಬಿಡುತ್ತೇವೆ. ಮೊದಲ ದಿನವೇ ಪಕ್ಕದ ಮನೆಯಾಕೆ ಅಕ್ಕನಾಗುತ್ತಾಳೆ, ಆಕೆಯ ಅತ್ತೆ ಅಜ್ಜಿಯಾಗುತ್ತಾರೆ. ಮಕ್ಕಳ ಬಾಯಲ್ಲಿ ಸಭೆಯ ಗಂಡಸರೆಲ್ಲ 'ಅಂಕಲ್'. ಸಂಬಂಧವಾಚಕವನ್ನು ಮೊದಲು ಕೊಟ್ಟು, ಆ ಮೇಲೆ ನಿಧಾನವಾಗಿ ಅದಕ್ಕೆ ತಕ್ಕ ಪರಿಚಯವನ್ನು ತುಂಬಿಕೊಳ್ಳುತ್ತ ಹೋಗುವುದು ನಮ್ಮ ಕ್ರಮ. ಮೊದಲು ಪರಿಚಯವನ್ನು ತುಂಬಿಕೊಂಡು, ಸ್ನೇಹದ ಹೆಸರನ್ನು ಕಡೆಗೆ ಕೊಡುವುದು ಅವರ ಕ್ರಮ. ಒಂದು ಮೇಲು, ಇನ್ನೊಂದು ಕೀಳು ಎಂದು ನಾನು ಹೇಳುತ್ತಿಲ್ಲ. ನಮ್ಮ ಕ್ರಮದಲ್ಲಿ ಬೆಚ್ಚಗಿದೆ. ಹೆಸರು ಕೊಟ್ಟು ಒಳಗೆ ಏನನ್ನೂ ತುಂಬದೆ ಬಿಡುವ ಅಪಾಯವೂ ಇದೆ. ಅವರ ಕ್ರಮ ತಣ್ಣಗಿದೆ. ಆದರೆ ಒಮ್ಮೆ 'ಫ್ರೆಂಡ್' ಎಂದರೆ ಆ ಮಾತಿಗೆ ತೂಕವಿದೆ.

ಪರಿಚಯಸ್ಥರ ಬೆಲೆ

ಈ ಭೇದ ಬರಿಯ ಪದಗಳ ಆಟವಲ್ಲವೆಂಬುದಕ್ಕೆ ತಮ್ಮ ಮನೆಯ ಕಪಾಟಿನಲ್ಲಿಯೇ ಸಾಕ್ಷಿಯಿದೆ. ಬ್ರಿಟನ್ನಿನಲ್ಲಿ ಮೊದಲ ಸಲ ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗ ಸಾಮಾನ್ಯವಾಗಿ ಬೇರೊಬ್ಬರು ತಮ್ಮ ಗುರುತನ್ನು ದೃಢೀಕರಿಸಬೇಕಾಗುತ್ತದೆ. ಅಂಥವರು ಅರ್ಜಿದಾರರನ್ನು, ಚಿಕ್ಕ ಮಕ್ಕಳ ಅರ್ಜಿಯಾದರೆ ಅದಕ್ಕೆ ಸಹಿ ಮಾಡಿದ ಹಿರಿಯರನ್ನು, ಕನಿಷ್ಠ 2 ವರ್ಷಗಳಿಂದ ಬಲ್ಲವರಾಗಿರಬೇಕು. ರಕ್ತಸಂಬಂಧಿಯಾಗಲಿ ಮದುವೆಯ ನಂಟರಾಗಲಿ ಆಗಿರಕೂಡದು. ಅದೇ ಮನೆಯಲ್ಲಿ ವಾಸಿಸುವವರೂ ಆಗಿರಕೂಡದು. ಕೇವಲ ವೃತ್ತಿಯ ನಿಮಿತ್ತ ಬಲ್ಲವರಾದರೂ ಸಾಲದು. ಗೆಳೆಯರು, ನೆರೆಯವರು, ಸಹೋದ್ಯೋಗಿಗಳು ಆಗಬಹುದು. ಎಂದರೆ ಸರಕಾರವು 'ಕಿನ್' ಬೇಡ, 'ಕಿತ್' ಬೇಕು ಎನ್ನುತ್ತಿದೆ. ಅಣ್ಣತಮ್ಮಂದಿರು ಹತ್ತು ಮಂದಿ ಇದ್ದರೂ ಆ ಸಹಿಗೆ ನೆರೆಮನೆಯವರ ಬಾಗಿಲನ್ನೇ ತಟ್ಟಬೇಕು. ಎರಡು ವರ್ಷ ತಲೆಯೆತ್ತಿ ನಮಸ್ಕರಿಸದೆ ಓಡಾಡಿದ್ದರೆ ಆ ದಿನ ಬಾಗಿಲು ತಟ್ಟುವ ಕೈ ತಾನೇ ಹಿಂಜರಿಯುತ್ತದೆ.

ಇನ್ನೊಂದು ಸಾಕ್ಷಿ ಸಮಾಜಶಾಸ್ತ್ರದಿಂದ. ಅಮೆರಿಕದ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಸಡಿಲವಾದ ನಂಟುಗಳ ಬಲವನ್ನು ಕುರಿತು ಪ್ರಸಿದ್ಧವಾದ ಪ್ರಬಂಧವೊಂದನ್ನು ಪ್ರಕಟಿಸಿದರು. ಬಾಸ್ಟನ್ ಬಳಿಯ ಒಂದು ಊರಿನಲ್ಲಿ, ತಮಗೆ ತಿಳಿದವರ ಮೂಲಕ ಹೊಸ ಕೆಲಸ ಪಡೆದವರನ್ನು ಅವರು ಪ್ರಶ್ನಿಸಿದರು: ಆ ತಿಳಿದವರನ್ನು ನೀವು ಎಷ್ಟು ಸಲ ಕಾಣುತ್ತಿದ್ದಿರಿ? ವಾರಕ್ಕೆ ಎರಡು ಸಲವಾದರೂ ಕಾಣುತ್ತಿದ್ದೆವೆಂದವರು ನೂರಕ್ಕೆ ಸುಮಾರು 17 ಮಂದಿ. ಅಪರೂಪಕ್ಕೊಮ್ಮೆ, ಆದರೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಎಂದವರು ಸುಮಾರು 56. ವರ್ಷಕ್ಕೊಮ್ಮೆ ಅಥವಾ ಅದಕ್ಕೂ ಕಡಮೆ ಎಂದವರು ಸುಮಾರು 28. ಕೇಳಿದ್ದು ಕೆಲವೇ ಹತ್ತು ಜನರನ್ನು. ಆದರೆ ಅದರ ಹಿಂದಿನ ಕಾರಣ ಯಾರಿಗಾದರೂ ಒಪ್ಪಿಗೆಯಾಗುವಂಥದು. ನಮ್ಮ ಆಪ್ತರಿಗೆ ತಿಳಿದಿರುವುದೆಲ್ಲ ಬಹುಮಟ್ಟಿಗೆ ನಮಗೂ ತಿಳಿದಿರುತ್ತದೆ. ಅವರೂ ನಾವೂ ಒಂದೇ ಬಾವಿಯ ನೀರು ಕುಡಿಯುವವರು. ದೂರದ ಪರಿಚಯಸ್ಥನು ಬೇರೊಂದು ಬಾವಿಯ ನೀರನ್ನು ತರುತ್ತಾನೆ. ನಾವು ಕನ್ನಡಿಗರು ಕನ್ನಡಿಗರ ಮನೆಗೆ ಮಾತ್ರ ಹೋಗುತ್ತ ಬರುತ್ತ ಇದ್ದರೆ ಪ್ರೀತಿಗೆ ಕೊರತೆಯಾಗದು, ಸುದ್ದಿಗೆ ಕೊರತೆಯಾದೀತು. ನಾನು ಅಂದು ತಿಳಿಯದೆ ಬಳಸಿದ 'ಅಕ್ವೇಂಟನ್ಸ್' ಎಂಬ ಪದವನ್ನು ಹೀಗಾಗಿ ಕೀಳೆಂದು ಎಣಿಸುವಂತಿಲ್ಲ. ಅದಕ್ಕೆ ಅದರದೇ ಸ್ಥಾನವಿದೆ. ಶಿಫಾರಸು ಪತ್ರ ಮಾತ್ರ ಅದರ ಸ್ಥಾನವಲ್ಲ.

ಬಲ್ಲವನೇ ಬಲ್ಲ

ಕಡೆಯದಾಗಿ, ಈ ಪದ ತತ್ತ್ವಶಾಸ್ತ್ರದಲ್ಲಿ ಪಡೆದ ಅರ್ಥವನ್ನು ಹೇಳಿ ಮುಗಿಸುತ್ತೇನೆ. ಅಮೆರಿಕದ ವಿಲಿಯಂ ಜೇಮ್ಸ್ ತಮ್ಮ 1890ರ ಮನಃಶಾಸ್ತ್ರ ಗ್ರಂಥದಲ್ಲಿ ಅರಿವನ್ನು ಎರಡಾಗಿ ವಿಂಗಡಿಸಿದರು. ಒಂದು ಪರಿಚಯದ ಅರಿವು, ಇನ್ನೊಂದು ವಿಷಯವನ್ನು ಕುರಿತ ಅರಿವು. ಪೇರ್ ಹಣ್ಣಿನ ರುಚಿಯನ್ನು ತಿಂದಾಗ ತಿಳಿಯುತ್ತೇವೆ. ಅದನ್ನು ತಿನ್ನದವನಿಗೆ ಎಷ್ಟು ವರ್ಣಿಸಿದರೂ ತಿಳಿಸಲಾರೆವು. ಬರ್ಟ್ರಂಡ್ ರಸೆಲ್ 1912ರ ತಮ್ಮ ಪುಟ್ಟ ಗ್ರಂಥದಲ್ಲಿ ಇದೇ ಭೇದಕ್ಕೆ ಒಂದು ಅಧ್ಯಾಯವನ್ನು ಮೀಸಲಿಟ್ಟು, ಅದನ್ನು ಇನ್ನೂ ಬಿಗಿಗೊಳಿಸಿದರು. ಅವರ ಲೆಕ್ಕದಲ್ಲಿ ಬಣ್ಣ, ಸದ್ದು, ಸ್ಪರ್ಶ ಇಂಥವು ನೇರ ಪರಿಚಯಕ್ಕೆ ದಕ್ಕುವಂಥವು. ಎದುರಿಗಿರುವ ಮನುಷ್ಯನ ಮನಸ್ಸನ್ನು ಸಹ ನಾವು ವರ್ಣನೆಯ ಮೂಲಕವಷ್ಟೇ ಅರಿಯುತ್ತೇವೆ. ನಮ್ಮ ಹಳ್ಳಿಯವರು ಇಷ್ಟು ದೂರ ಹೋಗದೆ 'ಬಲ್ಲವನೇ ಬಲ್ಲ ಬೆಲ್ಲದ ರುಚಿಯ' ಎಂದು ಗಾದೆ ಕಟ್ಟಿದರು. ಜೇಮ್ಸರ ಪೇರ್ ಹಣ್ಣಿನ ಜಾಗದಲ್ಲಿ ಬೆಲ್ಲವನ್ನಿಟ್ಟರೆ ಮಾತು ಒಂದೇ.

ಇದನ್ನು ಇಲ್ಲಿ ಏಕೆ ಹೇಳಿದೆನೆಂದರೆ, ಈ ಸಭಾಂಗಣದ ಹಿಂದಿನ ಸಾಲಿನಲ್ಲಿ ಮಕ್ಕಳು ಕುಳಿತಿದ್ದಾರೆ. ಅವರಿಗೆ ಕರ್ನಾಟಕದ ವಿಷಯ ಸಾಕಷ್ಟು ತಿಳಿದಿದೆ. ರಾಜಧಾನಿ ಯಾವುದು, ಜೋಗ ಯಾವ ಜಿಲ್ಲೆಯಲ್ಲಿದೆ ಎಂದರೆ ಥಟ್ಟನೆ ಹೇಳುತ್ತಾರೆ. ಅದು ವಿಷಯವನ್ನು ಕುರಿತ ಅರಿವು. ನನ್ನ ಮೊಮ್ಮಗಳಿಗೂ ಅದು ಇದೆ. ನಾನು ಬಂದ ಮೊದಲ ವಾರ ಆಕೆ ನನ್ನ ವಿಷಯವನ್ನೆಲ್ಲ ಬಲ್ಲವಳಾಗಿದ್ದಳು: ತಾತ ಮೇಷ್ಟರು, ತಾತನಿಗೆ ಸಕ್ಕರೆ ಕಾಯಿಲೆ, ತಾತನ ಊರು ಇಂಥದು. ಆದರೆ ನನ್ನ ಬಳಿ ಬಂದು ಕೂರುತ್ತಿರಲಿಲ್ಲ. ಅವಳಮ್ಮ ಪ್ರತಿ ಭಾನುವಾರ ದೂರವಾಣಿಯಲ್ಲಿ 'ತಾತನಿಗೆ ನಮಸ್ಕಾರ ಹೇಳು' ಎನ್ನುವಳು, ಈಕೆ ಹೇಳುವಳು, ಅಷ್ಟೆ. ನಮ್ಮದು ತಲೆಯಾಡಿಸುವ ಪರಿಚಯವೇ ಆಗಿತ್ತು. ಐದನೆಯ ವಾರ ಚಪಾತಿ ಹಿಟ್ಟಿನಲ್ಲಿ ಅವಳಿಗೆ ಕನ್ನಡದ 'ಅ' ಬರೆದು ತೋರಿಸಿದೆ. ಅದನ್ನು ಕಾವಲಿಯ ಮೇಲೆ ಬೇಯಿಸಿ ಇಬ್ಬರೂ ತಿಂದೆವು. ಅಂದಿನಿಂದ ದಿನಕ್ಕೊಂದು ಅಕ್ಷರ ಬೇಯುತ್ತಿದೆ. ಈಗ 'ಋ'ವಿಗೆ ಬಂದು ಒದ್ದಾಡುತ್ತಿದ್ದೇವೆ. ಅವಳು ಬರೆದದ್ದು ಅಕ್ಷರವಾಗುತ್ತದೋ ಇಲ್ಲವೋ, ನನ್ನ ಪಕ್ಕದ ಕುರ್ಚಿಯನ್ನು ಮಾತ್ರ ಈಗ ಬೇರೆಯವರಿಗೆ ಬಿಟ್ಟುಕೊಡುವುದಿಲ್ಲ. ಭಾಷೆಯ ಪರಿಚಯವಾಗಲಿ ಮನುಷ್ಯರ ಪರಿಚಯವಾಗಲಿ ಹೀಗೆ ಒಂದೊಂದೇ ಕೂಡಿ ರಾಶಿಯಾಗಬೇಕು. ಮಾಹಿತಿಯನ್ನು ಒಮ್ಮೆ ಕೊಟ್ಟರೆ ಸಾಕು; ಪರಿಚಯವನ್ನು ಹಾಗೆ ಒಮ್ಮೆಗೇ ಕೊಟ್ಟು ಮುಗಿಸಲಾಗದು.

ನನ್ನ ಆ ವಿದ್ಯಾರ್ಥಿ ಇಂದು ಈ ದೇಶದಲ್ಲಿಯೇ ನೆಲೆಸಿದ್ದಾನೆ. ಮೊನ್ನೆ ಆತನ ಮನೆಗೆ ಹೋಗಿದ್ದಾಗ ಕಾಗದವೊಂದನ್ನು ಕೇಳಿ ಪಡೆದು, 1986ರಲ್ಲಿ ಬರೆಯಬೇಕಾಗಿದ್ದ ವಾಕ್ಯವನ್ನು ಬರೆದುಕೊಟ್ಟೆ: 'ಐ ಹ್ಯಾವ್ ನೋನ್ ಹಿಮ್ ವೆಲ್ ಸಿನ್ಸ್ ಹಿ ವಾಸ್ ಎ ಬಾಯ್.' ಅದರಲ್ಲಿ ಒಂದೂ ದೊಡ್ಡ ಪದವಿಲ್ಲ. ಆತ ಓದಿ, ಮಡಿಚಿ, ಜೇಬಿನಲ್ಲಿಟ್ಟುಕೊಂಡ. ಈಗ ಅದರಿಂದ ಆಗಬೇಕಾದ ಪ್ರಯೋಜನವೇನೂ ಇಲ್ಲ. ಆದರೂ ನನ್ನ ಮನಸ್ಸು ಹಗುರವಾಯಿತು.

ಬಂಧುಗಳೆ, ಪಕ್ಕದ ಕೋಣೆಯಲ್ಲಿ ಕಾಫಿ ಸಿದ್ಧವಾಗಿದೆಯೆಂದು ಕಾರ್ಯದರ್ಶಿಗಳು ಸನ್ನೆ ಮಾಡುತ್ತಿದ್ದಾರೆ. ಈ ಕೂಟದಲ್ಲಿ ವರ್ಷಗಟ್ಟಲೆ ತಲೆಯಾಡಿಸಿ ಮುಂದೆ ಹೋಗಿರುವ ಮುಖ ತಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದಾದರೂ ಇದ್ದೀತು. ಇಂದು ಲೋಟ ಹಿಡಿದು ಅವರ ಬಳಿಗೆ ಹೋಗಿ ನಿಲ್ಲಿ. ಪರಿಚಯ ತಾನಾಗಿ ಆಗಲೆಂದು ಕಾಯದೆ, ಈ ಒಂದು ಸಲ ಇಂಗ್ಲಿಷಿನ ವ್ಯಾಕರಣದಂತೆ ತಾವೇ ಕರ್ತೃಗಳಾಗಿ. ಮಾತನ್ನು ಮಾತ್ರ ಕನ್ನಡದಲ್ಲಿಯೇ ಆರಂಭಿಸಿ: "ಯಾವೂರಾಯ್ತು?"